ಕೊಂಡಿ ಹಾಕುವ ದಿನ

ಡಾಕ್ಟರು ದಾನಿಶನ ಅಮ್ಮಿಯ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ, ರಬ್ಬರಿನ ಚೆಂಡನ್ನು ಮೂರು ಸಲ ಒತ್ತಿದರು, ಅಷ್ಟೆ. ಬಿಪಿ ಎಂಥಾ ಜೋರಿನಲ್ಲಿ ಏರಿತೆಂದರೆ ಪಟ್ಟಿ ಬಲೂನಿನ ಹಾಗೆ ಉಬ್ಬಿತು. ಉಬ್ಬಿದ್ದೇ ಡಾಕ್ಟರನ್ನು ಎತ್ತಿಕೊಂಡು ಕಿಟಕಿಯಿಂದ ಹೊರಗೆ ಹಾರಿತು. ಇಳಕಲ್ಲಿನಲ್ಲಿ ಹಾರಿದ್ದು ಹುನಗುಂದ ದಾಟಿ, ಅಮೀನಗಡದ ಬಸ್ ಸ್ಟ್ಯಾಂಡಿನಲ್ಲಿ ಇಳಿಯಿತು. ಡಾಕ್ಟರು, ಹೆಂಗೂ ಬಂದೇನಲ್ಲ ಅಂತ, ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಬಸ್ಸು ಹಿಡಿದು ತಿರುಗಿ ಬಂದರು.

ನಂಬಲಿಲ್ಲವೇನು? ಬಿಡ್ರಿ. ದಾನಿಶನ ಕತೆಯನ್ನು ಮೊದಲಿಗೆ ಯಾರೂ ನಂಬುವುದಿಲ್ಲ.

ದಾನಿಶ ಇಳಕಲ್ಲಿನ ಸಾಲಿಯಲ್ಲಿ ಐದನೇ ಕ್ಲಾಸಿನ ಹುಡುಗ. ನನಗೆ ಅವನು ಭಾಳ ಗೊತ್ತು. ಅಂಥಾ ಧೈರ್ಯದ ಹುಡುಗ ಮಲಪ್ರಭೆಯ ಈ ದಂಡೆಗೂ ಇಲ್ಲ, ಆ ದಂಡೆಗೂ ಇಲ್ಲ. ಅವನ ಅಬ್ಬಾ ಜಾಫರಸಾಬ ಫ್ಯಾಕ್ಟರಿಯಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುತ್ತಾರೆ. ಅಬ್ಬಾನ ತಾಯಿ, ಅಂದರೆ ದಾದಿ ಲಾಡಬಿಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚೂಪು. ತಂಗಿ ರೂಬಿ ಎರಡನೇ ಕ್ಲಾಸು. ಅವಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಇನ್ನು ಅಮ್ಮಿ. ಖೈರುನಬಿ ಅಂದರೆ ಓಣಿಗೆಲ್ಲ ಗೊತ್ತು. ಮನೆಯಲ್ಲೇ ಕುಣಿಮಗ್ಗ ಇದೆ. ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಇಳಕಲ್ ಸೀರೆಯಲ್ಲಿ ಎಲ್ಲಕ್ಕಿಂತ ಕಠಿಣ ಕೆಲಸ ಯಾವುದು ಗೊತ್ತೇನು? ಕೊಂಡಿ ಹಾಕುವುದು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ರೇಷ್ಮೆ ಎಳೆಯನ್ನು ಕುಣಿಕೆ ಮಾಡಿ ಜೋಡಿಸಬೇಕು. ಸಾವಿರಾರು ಎಳೆ. ದಾನಿಶನ ಅಮ್ಮಿ ಕಣ್ಣು ಮುಚ್ಚಿಕೊಂಡು ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದಳು. ಆಯ್ತು, ಅರ್ಧ ದಿನ ಅನ್ರಿ.

ಮೊದಲ ಸಲ ಅದು ಬಂದದ್ದು ಕೊಂಡಿ ಹಾಕುವ ದಿನವೇ. ರವಿವಾರ. ಅಬ್ಬಾ ಓವರ್‌ಟೈಮಿಗೆ ಹೋಗಿದ್ದರು.

"ದಾನಿಶ, ಇಲ್ಲಿ ಬಾರೋ," ಅಂದಳು ಅಮ್ಮಿ. "ನನ್ನ ಎದಿ ಹಾರಾಕತ್ತೈತಿ. ತಲಿ ಸಿಡಿತೈತಿ."

ನೋಡಿದರೆ ಮುಖ ಸುಣ್ಣ ಬಳಿದ ಗೋಡೆ! ಬೆವರು ಎಂಥದ್ದು! ಮಗ್ಗದ ತಗ್ಗು ತುಂಬಿತು, ಹೊಸ್ತಿಲು ದಾಟಿತು, ಓಣಿಯಲ್ಲಿ ಹರಿಯಿತು. ಎಮ್ಮೆಗಳು ಬಂದು ಅದರಲ್ಲಿ ಮಲಗಿದವು. ಅಮ್ಮಿ ಕೈಕಾಲು ಬಡಿದಳು. ಕಣ್ಣುಗುಡ್ಡೆ ಮೇಲಕ್ಕೆ ಹೋದವು. ಬಾಯಲ್ಲಿ ನೊರೆ, ಸೋಪಿನ ಪುಡಿ ಕದಡಿದ ಬಕೀಟಿನಲ್ಲಿ ಬರುತ್ತದಲ್ಲ, ಹಾಗೆ. ಒಂದಲ್ಲ ಎರಡಲ್ಲ, ಮೂರು ತಾಸು! ದಾನಿಶ ಒಂದು ಕೈಯಲ್ಲಿ ಅಮ್ಮಿಯ ಎರಡೂ ಕೈ, ಇನ್ನೊಂದು ಕೈಯಲ್ಲಿ ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡ.

"ಯಾ ಅಲ್ಲಾ! ಏನಾತೋ? ನನಗ ಕಾಣವಲ್ತು, ಬಾಯಿ ಬಿಟ್ಟು ಹೇಳೋ!" ದಾದಿ ಗೋಡೆ ತಡವುತ್ತ ಕೂಗಿದಳು.

ಮರುದಿನ ಸಾಲಿಯಲ್ಲಿ ದಾನಿಶನದೇ ಸುದ್ದಿ. ಸಂಕೇತ ಅಂತ ಅವನ ಬೆಂಚಿನ ಹುಡುಗ. ಅವನೊಬ್ಬ ನಂಬಲಿಲ್ಲ.

"ಸಾಕ್ ಮಾಡಲೇ. ಹ್ವಾದ ವಾರ ನಿಮ್ಮ ಆಡು ಇಂಗ್ಲಿಷ್ ಮಾತಾಡಿತ್ತು."

"ಇದು ಖರೇನಲೇ!"

"ಹಂಗಾರ ನೊರಿ ಬಂತೇನು? ನಮ್ಮ ಓಣ್ಯಾಗ ಒಬ್ಬರಿಗೆ ಮೂರ್ಛಿ ಬರ್ತದ. ಅವರಿಗೆ ನೊರಿ ಬರ್ತದ ಮತ್ತ."

"ಬರಲಾರದ ಏನು? ಬಕೀಟಗಟ್ಲೆ ಬಂತು!"

ಸಂಕೇತನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮಧ್ಯಾಹ್ನದ ಬೆಲ್ ಆದರೂ ಯಾರೂ ಊಟಕ್ಕೆ ಏಳಲಿಲ್ಲ. ಎಂಟನೇ ಕ್ಲಾಸಿನವರೂ ಬಂದು ದಾನಿಶನ ಸುತ್ತ ನಿಂತರು. ಎರಡು ಸಾವಿರ ಹುಡುಗರು ಇರಬೇಕು.

ಅದೇ ವಾರ ಅಬ್ಬಾ ಎಲ್ಲರನ್ನೂ ದವಾಖಾನೆಗೆ ಕರೆದುಕೊಂಡು ಹೋದರು. ಪಟ್ಟಿ ಹಾರಿದ ಕತೆ ಆಗಲೇ ಹೇಳಿದೆನಲ್ಲ. ಅದಾದ ಮೇಲೆ ಡಾಕ್ಟರು ಕೇಳಿದರು, "ಅದು ಬಂದಾಗ ಮನ್ಯಾಗ ಯಾರಿದ್ರು?"

"ನನ್ನ ಮಗ ಇದ್ದನ್ರಿ. ಎಲ್ಲಾ ನೋಡ್ಯಾನ," ಅಂದರು ಅಬ್ಬಾ.

ದಾನಿಶ ಎದ್ದು ನಿಂತ. ಟೀವಿಯಲ್ಲಿ ವಾರ್ತೆ ಓದುವವರ ಹಾಗೆ ಹೇಳಿದ. ಕೈಕಾಲು ಬಡಿದದ್ದು, ಕಣ್ಣುಗುಡ್ಡೆ, ನೊರೆ, ಮೂರು ತಾಸು.

"ನನಗ ಎಚ್ಚರ ಇತ್ತರಿ," ಅಂದಳು ಅಮ್ಮಿ ಮೆಲ್ಲಗೆ. "ನೊರಿ ಗಿರಿ ಏನೂ ಬಂದಂಗಿಲ್ಲರಿ."

"ಬಂದವರಿಗೆ ತಿಳಿಯೂದಿಲ್ಲಮ್ಮಾ. ನೋಡಿದವರು ಹೇಳ್ಬೇಕು," ಅಂದರು ಡಾಕ್ಟರು. ಮೂರ್ಛೆರೋಗ ಅಂತ ಬರೆದರು. ಮುಂಜಾನೆ ಒಂದು, ಸಂಜೆ ಒಂದು ಗುಳಿಗೆ. "ಹುಡುಗ ಶಾಣ್ಯಾ ಅದಾನ್ರಿ," ಅಂತ ಅಬ್ಬಾಗೆ ಹೇಳಿದರು.

ಅಮ್ಮಿ ಒಂದು ಸಲ ದಾನಿಶನ ಕಡೆ ನೋಡಿದಳು.

ಆ ಗುಳಿಗೆಯ ಶಕ್ತಿ ಎಂಥದ್ದೆಂದರೆ, ಅದರ ಚೀಟಿಯನ್ನು ಮೂಸಿದ ಬೆಕ್ಕು ನಾಲ್ಕು ದಿನ ಮಲಗಿತು. ಅಮ್ಮಿಯೂ ಮಲಗುತ್ತಿದ್ದಳು. ಮಗ್ಗದ ಮೇಲೆ ಕೂತಲ್ಲೇ ತೂಕಡಿಸುವಳು. ಕೈಯಿಂದ ಲಾಳಿ ಜಾರಿ ತಗ್ಗಿಗೆ ಬೀಳುವುದು. ಬಿದ್ದದ್ದನ್ನು ರೂಬಿ ಇಳಿದು ಎತ್ತಿಕೊಡುವಳು. ವಾರಕ್ಕೊಂದು ಸೀರೆ ಇಳಿಸುತ್ತಿದ್ದವಳು ತಿಂಗಳಿಗೆ ಒಂದು ಇಳಿಸಿದಳು.

ಗುಳಿಗೆ ನುಂಗಿದರೂ ಅದು ಬರುವುದು ಬಿಡಲಿಲ್ಲ. ಕೊಂಡಿ ಹಾಕುವ ದಿನ ಬಂತೆಂದರೆ ಅದೂ ಬಂತು.

"ಮಗ್ಗಕ್ಕ ನಜರ್ ಆಗೇತಿ," ಅಂದಳು ದಾದಿ. "ಮ್ಯಾಲೆ ಲಿಂಬಿಕಾಯಿ ಕಟ್ಟಿದ್ರ ಹೋಗೂದಲ್ಲ ಇದು. ಆ ತಗ್ಗಿನ್ಯಾಗ ಏನೋ ಐತಿ. ಮುಚ್ಚ್ರಿ ಅದನ್ನ. ಬ್ಯಾರೆ ಕಡೆ ತೋಡ್ರಿ."

ಅಬ್ಬಾ ಮಗ್ಗ ಬಿಚ್ಚಿದರು. ಹಳೆಯ ತಗ್ಗಿಗೆ ಮಣ್ಣು ತುಂಬಿ, ಮೂಡಣ ಗೋಡೆಯ ಹತ್ತಿರ ಹೊಸ ತಗ್ಗು ತೋಡಲು ಶುರು ಮಾಡಿದರು. ಫ್ಯಾಕ್ಟರಿಯಿಂದ ಬಂದ ಮೇಲೆ ದಿನಾ ಸಂಜೆ ಅದೇ ಕೆಲಸ. ದಾನಿಶನೂ ತೋಡಿದ. ಅವನು ಎಷ್ಟು ಆಳ ತೋಡಿದನೆಂದರೆ, ಕಿವಿಗೊಟ್ಟು ಕೇಳಿದರೆ ಪಟ್ಟದಕಲ್ಲಿನಲ್ಲಿ ಗೈಡ್‌ಗಳು ಮಾತಾಡುವುದು ಕೇಳಿಸುತ್ತಿತ್ತು.

ಎಂಟು ದಿನಕ್ಕೆ ಮಗ್ಗ ಮತ್ತೆ ನಿಂತಿತು. ಅಮ್ಮಿ ಬಿಸ್ಮಿಲ್ಲಾ ಅಂತ ಕಾಲಿಟ್ಟಳು. ಒಂದು ದಿನ ಹೋಯಿತು, ಹತ್ತು ದಿನ ಹೋದವು, ಏನೂ ಆಗಲಿಲ್ಲ. "ನಾ ಹೇಳಿದ್ದಿಲ್ಲೇನು?" ಅಂತ ದಾದಿ ಓಣಿಯ ತುಂಬ ಹೇಳಿಕೊಂಡು ಬಂದಳು.

ಆಮೇಲೆ ಕೊಂಡಿ ಹಾಕುವ ದಿನ ಬಂತು. ಅದೂ ಬಂತು.

ಅಬ್ಬಾ ಹೊಸ ತಗ್ಗಿನ ದಂಡೆಗೆ ಕೂತುಬಿಟ್ಟರು. ಊಟಕ್ಕೆ ಕರೆದರೂ ಏಳಲಿಲ್ಲ. ಅವರ ಉಗುರಿನಲ್ಲಿ ಇನ್ನೂ ಮಣ್ಣು ಇತ್ತು. ಇಲ್ಲಿ ಉಬ್ಬಿಸಿ ಹೇಳುವಂಥದ್ದು ನನಗೆ ಏನೂ ಸಿಗುತ್ತಿಲ್ಲ, ಮುಂದೆ ಹೋಗೋಣ.

ಒಂದು ದಿನ ಅಮ್ಮಿ ದಾನಿಶನನ್ನು ಹತ್ತಿರ ಕೂಡಿಸಿಕೊಂಡಳು. "ಡಾಕ್ಟರ್ ಮುಂದ ನೀ ನೋಡಿದ್ದನ್ನ ಹೇಳಿದ್ಯೇನಪಾ?" ಅಂತ ಕೇಳಿದಳು. ದಾನಿಶನಿಗೆ ಆಗ ಭಾಳ ಅವಸರ ಇತ್ತು. ಆಡಿಗೆ ಸೊಪ್ಪು ಹಾಕಬೇಕಿತ್ತು. ಹೂಂ ಅಂದು ಓಡಿಹೋದ.

ಹಿಂಗೇ ಹನ್ನೊಂದು ತಿಂಗಳು. ಹನ್ನೆರಡನೆಯದರಲ್ಲಿ ಒಂದು ಹಸಿರು ಸೀರೆಗೆ ಕೊಂಡಿ ಹಾಕುತ್ತ ಅಮ್ಮಿ ತಲೆ ಹಿಡಿದುಕೊಂಡಳು. ಪಕ್ಕಕ್ಕೆ ಉರುಳಿದಳು. ಈ ಸಲ ಹತ್ತು ನಿಮಿಷಕ್ಕೆ ಏಳಲಿಲ್ಲ. ಅಲ್ಲ, ಮೂರು ತಾಸಿಗೂ ಏಳಲಿಲ್ಲ. ಬಾಯಿ ಒಂದು ಕಡೆ ಜೋತಿತ್ತು. ಬಲಗೈ ತಗ್ಗಿನೊಳಗೆ ಜೋತುಬಿದ್ದಿತ್ತು, ಅದು ಯಾರದೋ ಕೈ ಇದ್ದ ಹಾಗೆ.

ಆಂಬುಲೆನ್ಸ್ ಬಂತು. ಬಾಗಲಕೋಟೆಗೆ ಅದು ಎಂಥಾ ಸ್ಪೀಡಿನಲ್ಲಿ ಓಡಿತೆಂದರೆ, ಶಿರೂರಿನ ಜನಕ್ಕೆ ಗಾಡಿ ಕಾಣಲೇ ಇಲ್ಲ, ಗಾಳಿ ಬೀಸಿತು ಅಂದುಕೊಂಡರು. ದೊಡ್ಡ ದವಾಖಾನೆಯಲ್ಲಿ ಮೃಣಾಲಿನಿ ಅಂತ ಡಾಕ್ಟರು. ದಾನಿಶ ಅವರ ಮುಂದೆ ಹೋಗಿ ಎದೆ ಸೆಟೆಸಿ ನಿಂತ. "ಡಾಕ್ಟರ್, ನಮ್ಮ ಅಮ್ಮಿಗೆ ಏನಾಗೇದ ಅಂತ ನನಗ ಗೊತ್ತೈತಿ," ಅಂದ. ಒಂದೊಂದಾಗಿ ಎಲ್ಲಾ ಬಿಡಿಸಿ ಹೇಳಿದ. ಡಾಕ್ಟರು ಎದ್ದು ನಿಂತು ಅವನಿಗೆ ಸೆಲ್ಯೂಟ್ ಹೊಡೆದರು. ಕೂಡಲೇ ಆಪರೇಶನ್ ಮಾಡಿದರು. ಹೊಟ್ಟೆಯೊಳಗಿಂದ ಕುಂಬಳಕಾಯಿಯಷ್ಟು ದೊಡ್ಡ ಗಂಟು ಹೊರಗೆ ಬಂತು. ಅಮ್ಮಿ ಅವತ್ತೇ ಸಂಜೆಯ ಬಸ್ಸಿಗೆ ಮನೆಗೆ ಬಂದು, ಎರಡೂ ಕೈಯಿಂದ ಕೊಂಡಿ ಹಾಕಿ, ಹಸಿರು ಸೀರೆ ಮುಗಿಸಿ...

"ಭೈಯಾ."

ಇಷ್ಟು ಹೊತ್ತು ನನ್ನ ಬಾಜೂಕ ಬೆಂಚಿನ ಮೇಲೆ ಸುಮ್ಮನೆ ಕೂತು ಕೇಳುತ್ತಿದ್ದ ರೂಬಿ ನನ್ನ ತೋಳು ಹಿಡಿದಳು.

"ಅಮ್ಮಿ ಮನಿಗೆ ಎಲ್ಲಿ ಬಂದಾಳ? ಒಳಗ ವಾರ್ಡಿನ್ಯಾಗ ಅದಾಳಲ್ಲ."

ಅವಳು ನನ್ನ ತೋಳು ಬಿಡಲಿಲ್ಲ.

"ನೀ ಯಾಕ ದಾನಿಶ, ದಾನಿಶ ಅನ್ಲಿಕತ್ತಿ? ನೀನ ಅಲ್ಲೇನು ದಾನಿಶ?"

ಹೌದು. ನಾನೇ ದಾನಿಶ. ನಾವು ಕೂತಿರುವುದು ಬಾಗಲಕೋಟೆಯ ದವಾಖಾನೆಯಲ್ಲಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ. ಇವತ್ತಿಗೆ ಹದಿಮೂರು ದಿನ.

ಖರೆ ಏನು ಅಂತ ಹೇಳುತ್ತೇನೆ. ಅದು ಭಾಳ ಸಣ್ಣದು.

ಮೊದಲ ದಿನ ಅಮ್ಮಿಗೆ ನೊರೆ ಬಂದಿರಲಿಲ್ಲ. ಕಣ್ಣು ಮೇಲಕ್ಕೆ ಹೋಗಿರಲಿಲ್ಲ. ಕೈಕಾಲು ಬಡಿದಿರಲಿಲ್ಲ. ಮುಖ ಬೆಳ್ಳಗಾಗಿತ್ತು, ಮೈಯೆಲ್ಲ ಬೆವೆತಿತ್ತು, ಕೈ ನಡುಗುತ್ತಿತ್ತು. ನನ್ನ ಹೆಸರು ಹಿಡಿದು ನೀರು ಕೇಳಿದಳು. ತಂದುಕೊಟ್ಟದ್ದು ರೂಬಿ. ಹತ್ತು ನಿಮಿಷಕ್ಕೆ ಎಲ್ಲ ಸರಿ ಹೋಯಿತು. ನಾನು ಅವಳ ಕೈಕಾಲು ಹಿಡಿದಿರಲಿಲ್ಲ. ಅಂಜಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ.

ನೊರೆ ಬಂದದ್ದು ಸಾಲಿಯಲ್ಲಿ. ಬಂತೇನು ಅಂತ ಸಂಕೇತ ಕೇಳಿದ. ಇಲ್ಲ ಅಂದಿದ್ದರೆ ಅವನು ಎದ್ದು ಹೋಗುತ್ತಿದ್ದ.

ಇಳಕಲ್ಲಿನ ಡಾಕ್ಟರು ನೋಡಿದ ದಿನ ಅಮ್ಮಿಯ ಬಿಪಿ ಸರಿಯಾಗಿಯೇ ಇತ್ತು. ಅದು ಬಂದಾಗ ಮಾತ್ರ ಏರಿ, ಆಮೇಲೆ ತಾನೇ ಇಳಿದುಬಿಡುತ್ತಿತ್ತು. ಅವರಿಗೆ ಹೇಗೆ ತಿಳಿಯಬೇಕು? ಅದಕ್ಕೇ ನನ್ನನ್ನು ಕೇಳಿದರು. ನಾನು ನೊರೆ ಅಂದೆ. ಅವರು ನೊರೆಗೆ ಗುಳಿಗೆ ಬರೆದರು.

ನಾನು ಇನ್ನೊಂದು ನೋಡಿದ್ದೆ. ಅಮ್ಮಿ ಮಗ್ಗದ ಮೇಲೆ ನೆಟ್ಟಗೆ ಕೂತು ನೇಯುವಾಗ ಅದು ಬರುತ್ತಿರಲಿಲ್ಲ. ನೇಯ್ದ ಬಟ್ಟೆ ಸುತ್ತಿಕೊಳ್ಳಲು ಹೊಟ್ಟೆಯ ಮುಂದೆ ಒಂದು ದಪ್ಪ ಕಟ್ಟಿಗೆ ಇರುತ್ತದೆ. ಕೊಂಡಿ ಹಾಕಲು ಅದರ ಮೇಲೆ ಪೂರಾ ಬಾಗಬೇಕು. ಬಾಗಿದಾಗ ಕಟ್ಟಿಗೆ ಹೊಟ್ಟೆಗೆ ಒತ್ತುತ್ತದೆ. ಆಗ ಬರುತ್ತಿತ್ತು. ಪ್ರತಿ ಸಲವೂ. ತಗ್ಗು ಎಲ್ಲಿ ತೋಡಿದರೂ ಕಟ್ಟಿಗೆ ಅದೇ.

ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಇಲ್ಲಿಗೆ ಬಂದ ದಿನ ಮೃಣಾಲಿನಿ ಡಾಕ್ಟರು ಹಳೆಯ ಫೈಲು ಪೂರಾ ಓದಿದರು. "ನೊರಿ ಯಾರು ಒರಿಸಿದ್ರಪ್ಪ? ನೀನೋ, ನಿಮ್ಮ ದಾದಿಯೋ?" ಅಂತ ಕೇಳಿದರು. ಯಾರೂ ಒರೆಸಿರಲಿಲ್ಲ, ಒರೆಸಲು ಏನೂ ಇರಲಿಲ್ಲ. ರೂಬಿ ಹಿಂದಿನಿಂದ ಅಂದಳು, "ನೊರಿ ಬಂದಿದ್ದಿಲ್ಲರಿ. ಭೈಯಾ ಹಂಗ ಹೇಳ್ತಾನ."

"ಆತು. ನೀ ಕಣ್ಣಿಲೆ ಕಂಡದ್ದು ಅಷ್ಟ ಹೇಳು," ಅಂದರು ಡಾಕ್ಟರು.

ಆಗ ಕಟ್ಟಿಗೆಯ ಮಾತು ಹೇಳಿದೆ. ಅವರ ಪೆನ್ನು ನಿಂತಿತು.

"ಇದನ್ನ ಮೊದ್ಲ ಯಾಕ ಹೇಳಲಿಲ್ಲೋ?"

"ಸಣ್ಣ ಮಾತು ಅನಸ್ತರಿ."

ಅಬ್ಬಾ ಅಲ್ಲೇ ನಿಂತು ಕೇಳಿದರು. ನನಗೆ ಹೊಡೆಯಲಿಲ್ಲ. ಹೊರಗೆ ಹೋಗಿ ನಳದ ಕೆಳಗೆ ಮುಖ ತೊಳೆದುಕೊಂಡರು. ತೊಳೆದುಕೊಳ್ಳುತ್ತಲೇ ಇದ್ದರು.

ಮರುದಿನ ನರ್ಸಕ್ಕ ಚಾದರ ಬದಲಿಸಲು ಅಮ್ಮಿಯನ್ನು ಮಗ್ಗುಲು ಮಾಡಿದಾಗ ಹೊಟ್ಟೆ ಒತ್ತಿತು. ಬಾಜೂಕಿದ್ದ ಮಶೀನಿನಲ್ಲಿ ಬಿಪಿಯ ನಂಬರು ಇನ್ನೂರ ನಲವತ್ತಾಯಿತು. ಇದನ್ನು ನಾನು ಉಬ್ಬಿಸಿಲ್ಲ, ಮಶೀನು ತೋರಿಸಿತು. ಎಲ್ಲರೂ ಓಡಿ ಬಂದರು. ಒಂದು ದಿನದ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ಟೆಸ್ಟಿಗೆ ಕಳಿಸಿದರು. ಸ್ಕ್ಯಾನ್ ಮಾಡಿಸಿದರು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಮ್ಮ ಕಿಡ್ನಿಯ ಮೇಲೆ ಟೊಪ್ಪಿಗೆಯ ಹಾಗೆ ಒಂದು ಸಣ್ಣ ಗ್ರಂಥಿ ಇರುತ್ತದಂತೆ. ನಾಯಿ ಬೆನ್ನು ಹತ್ತಿದಾಗ ನಮ್ಮ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಆ ಗ್ರಂಥಿಯ ರಸದಿಂದ. ಅಮ್ಮಿಯ ಗ್ರಂಥಿಯಲ್ಲಿ ಲಿಂಬೆಹಣ್ಣಿನಷ್ಟು ಗಂಟು ಆಗಿದೆ. ಅದನ್ನು ಒತ್ತಿದರೆ ರಸ ಒಮ್ಮೆಲೇ ರಕ್ತಕ್ಕೆ ಬೀಳುತ್ತದೆ. ಬಿಪಿ ಏರಿಬಿಡುತ್ತದೆ. ಹಸಿರು ಸೀರೆಯ ದಿನ ಅದು ಭಾಳ ಏರಿತು. ತಲೆಯೊಳಗೆ ರಕ್ತನಾಳ ಒಡೆಯಿತು.

"ಗಂಟು ತೆಗಿತೀರಿ, ಹೌದಲ್ರಿ?" ಅಂತ ಅಬ್ಬಾ ಕೇಳಿದರು.

"ತೆಗಿಬಹುದು. ಈಗಲ್ಲ. ಮೊದ್ಲ ಗುಳಿಗಿ ಕೊಟ್ಟು ಬಿಪಿ ಹಿಡಿತಕ್ಕ ತರಬೇಕು. ಅವಸರ ಮಾಡಿದ್ರ ಜೀವಕ್ಕ ಅಪಾಯ."

"ಕೈ?"

"ಕೈದು ಹೇಳಾಕ ಬರೂದಿಲ್ರಿ."

"ವರ್ಷದ ಹಿಂದ ತಿಳಿದಿದ್ರ?"

ಡಾಕ್ಟರು ನನ್ನ ಕಡೆ ನೋಡಲಿಲ್ಲ. ಫೈಲು ಮುಚ್ಚಿ, "ಹೋಗಿ ಚಾ ಕುಡಿದು ಬರ್ರಿ," ಅಂದರು.

ಈಗ ನಾಲ್ಕು ಗಂಟೆಯಾಯಿತು. ಒಳಗೆ ಬಿಡುತ್ತಾರೆ. ನಾನೂ ರೂಬಿಯೂ ಎದ್ದೆವು.

ಅಮ್ಮಿಯ ಬಲಗೈ ಚಾದರದ ಮೇಲಿತ್ತು. ಅಬ್ಬಾ ಅದನ್ನು ತಿಕ್ಕುತ್ತ ಕೂತಿದ್ದರು. "ನಿನ್ನಿಗಿಂತ ಇವತ್ತು ಚಲೋ ಐತಿ ನೋಡು. ಹೆಬ್ಬಟ್ಟು ಅಳ್ಳಾಡ್ತು," ಅಂದರು. ನರ್ಸಕ್ಕನೂ, "ಹೌದ್ರಿ, ಸ್ವಲ್ಪ ಸ್ವಲ್ಪ," ಅಂದಳು.

ಅಮ್ಮಿ ಅವರಿಬ್ಬರನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಅವಳಿಗೆ ಈಗ ಮಾತು ತೊದಲುತ್ತದೆ.

"ದಾನಿಶ... ನೀ ಹೇಳು. ಅಳ್ಳಾಡ್ತದೇನು?"

ಒಂದು ನೂರು ಮಾತು ನನ್ನ ಬಾಯಿಗೆ ಬಂದವು. ನಾನು ಮಂಚದ ಹತ್ತಿರ ಹೋಗಿ ಬಗ್ಗಿ ಕೈ ನೋಡಿದೆ. ಅಮ್ಮಿ ಕಣ್ಣು ಬಿಗಿಯಾಗಿ ಮುಚ್ಚಿ, ಹಣೆಯ ನರ ಉಬ್ಬುವ ಹಾಗೆ ಜೋರು ಹಾಕುತ್ತಿದ್ದಳು. ಹೆಬ್ಬೆರಳು ನೋಡಿದೆ. ಕಿರುಬೆರಳಿನ ತನಕ ಒಂದೊಂದನ್ನೇ ನೋಡಿದೆ. ಭಾಳ ಹೊತ್ತು ನೋಡಿದೆ.

"ಇಲ್ಲ ಅಮ್ಮಿ," ಅಂದೆ. "ಒಂದೂ ಅಳ್ಳಾಡಲಿಲ್ಲ."

ಅಬ್ಬಾ ತಿಕ್ಕುವುದು ನಿಲ್ಲಿಸಿದರು. ಅಮ್ಮಿ ಕಣ್ಣು ತೆರೆದಳು. ಅತ್ತಳೇನೋ, ಬೆವರೇನೋ, ಕೆನ್ನೆಯ ಮೇಲೆ ಒಂದೇ ಒಂದು ಹನಿ ಇತ್ತು. ಆಮೇಲೆ ಎಡಗೈಯಿಂದ ನನ್ನ ಬೆರಳು ಹಿಡಿದುಕೊಂಡಳು.

"ನಾಳೆ... ಮತ್ತ ನೋಡು," ಅಂದಳು.

"ನೋಡ್ತೇನಿ ಅಮ್ಮಿ," ಅಂದೆ.